ಬೀಗ, ಬೇಲಿ, ಮನುಷ್ಯರು: ಇಂಗ್ಲೆಂಡಿನ ಭದ್ರತಾ ಮನೋವೈದ್ಯಕೀಯ ಘಟಕಗಳಲ್ಲಿ ಸಿಬ್ಬಂದಿ ಮತ್ತು ಸೌಕರ್ಯ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯಾಯಿತೆಂದು ತಿಳಿಯಲು ಬರ್ಕ್‌ಷೈರ್ ಕೌಂಟಿಯ ಕ್ರೋಥಾರ್ನ್ ಊರಿನವರಿಗೆ ಗಡಿಯಾರ ಬೇಕಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಾಳಿಯ ಎಚ್ಚರಿಕೆ ಕೊಡುತ್ತಿದ್ದಂಥ ಸೈರನ್ ಆ ಹೊತ್ತಿಗೆ ಸರಿಯಾಗಿ ಊರಿನ ಮೇಲೆ ಕೂಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ‘ಅಪಾಯವಿಲ್ಲ’ ಎನ್ನುವ ಇನ್ನೊಂದು ದನಿ. ಊರಂಚಿನ ಬ್ರಾಡ್‌ಮೂರ್ ಆಸ್ಪತ್ರೆಯಿಂದ 1952ರಲ್ಲಿ ರೋಗಿಯೊಬ್ಬ ಗೋಡೆ ಹಾರಿ ಹೋಗಿ ಮಗುವೊಂದನ್ನು ಕೊಂದ ಮೇಲೆ ಈ ಸೈರನ್ನುಗಳು ಬಂದವು. ಪ್ರತಿ ಸೋಮವಾರ ನಡೆಯುತ್ತಿದ್ದುದು ಅವುಗಳ ಪರೀಕ್ಷೆ. ಆರು ದಶಕಕ್ಕೂ ಹೆಚ್ಚು ಕಾಲ ಸುತ್ತಲಿನ ಮಕ್ಕಳು ಅದನ್ನು ಕೇಳುತ್ತಲೇ ಬೆಳೆದರು. ಗೋಡೆಯೊಳಗೆ ಯಾರಿದ್ದಾರೆ ಎಂಬುದರ ಬಗ್ಗೆ ಹೊರಗಿನವರಿಗೆ ಸಿಗುತ್ತಿದ್ದ ಸುದ್ದಿ ಬಹುಮಟ್ಟಿಗೆ ಅದೊಂದೇ. ಆ ಗೋಡೆಯ ಒಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ, ರೋಗಿ ಮಲಗುವ ಕೋಣೆ ಹೇಗಿದೆ, ಅವನ ಜೊತೆ ಮಾತಾಡಲು ಯಾರಿಗಾದರೂ ಪುರಸೊತ್ತಿದೆಯೇ ಎಂಬ ಪ್ರಶ್ನೆಗಳು ಸಾರ್ವಜನಿಕರ ಮುಂದೆ ಬರಲು ಬಹಳ ಕಾಲ ಹಿಡಿಯಿತು. ಬಂದದ್ದೂ ಹೆಚ್ಚಾಗಿ ಹಗರಣಗಳ ಮೂಲಕ.

ಭದ್ರತಾ ಮನೋವೈದ್ಯಕೀಯ ಘಟಕವೆಂದರೆ ಬೀಗ ಹಾಕಿದ ಆಸ್ಪತ್ರೆ. ಅದು ಜೈಲಲ್ಲ. ಮಾನಸಿಕ ಕಾಯಿಲೆಯ ನಡುವೆ ಅಪರಾಧ ಎಸಗಿ, ಶಿಕ್ಷೆಯ ಬದಲು ಚಿಕಿತ್ಸೆಗೆಂದು ನ್ಯಾಯಾಲಯ ಕಳಿಸಿದವರು ಇಲ್ಲಿರುತ್ತಾರೆ. ಜೈಲಿನಲ್ಲಿ ಕಾಯಿಲೆ ಉಲ್ಬಣಿಸಿ ವರ್ಗವಾಗಿ ಬಂದ ಕೈದಿಗಳಿರುತ್ತಾರೆ. ಯಾವ ಅಪರಾಧವನ್ನೂ ಮಾಡದೆ, ಸಾಮಾನ್ಯ ವಾರ್ಡಿನಲ್ಲಿ ನಿಭಾಯಿಸಲಾಗದ್ದಕ್ಕೆ ಬಂದವರೂ ಇದ್ದಾರೆ. 1983ರ ಮಾನಸಿಕ ಆರೋಗ್ಯ ಕಾಯಿದೆಯ ಬೇರೆಬೇರೆ ಸೆಕ್ಷನ್ನುಗಳಡಿ ಇವರನ್ನು ಇರಿಸಿಕೊಳ್ಳಲಾಗುತ್ತದೆ. ಜೈಲು ಶಿಕ್ಷೆಗೆ ಸಾಮಾನ್ಯವಾಗಿ ಒಂದು ಕೊನೆಯ ದಿನವಿರುತ್ತದೆ. ಇಲ್ಲಿನ ವಾಸಕ್ಕೆ ಅದಿಲ್ಲ. ವಾಸಿಯಾದರೆಂದು, ಅಪಾಯ ತಗ್ಗಿತೆಂದು ವೈದ್ಯರೋ ನ್ಯಾಯಮಂಡಳಿಯೋ ಒಪ್ಪಬೇಕು. ಗಂಭೀರ ಪ್ರಕರಣಗಳಲ್ಲಿ ರೋಗಿ ಗೇಟಿನ ಹೊರಗೆ ಒಂದು ಗಂಟೆ ತಿರುಗಾಡಿ ಬರಲಿಕ್ಕೂ ನ್ಯಾಯ ಸಚಿವಾಲಯದ ಒಪ್ಪಿಗೆ ಬೇಕು.

ಇಲ್ಲಿ ಪದವೊಂದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಬ್ರಿಟನ್ನಿನವರು ‘ಲರ್ನಿಂಗ್ ಡಿಸೆಬಿಲಿಟಿ’ ಎಂದಾಗ ಕರ್ನಾಟಕದ ಓದುಗರಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿ ತೊಡಕಿರುವ ಮಗು ನೆನಪಾಗುತ್ತದೆ. ನಮ್ಮ ಶಾಲೆಗಳಲ್ಲಿ ‘ಕಲಿಕಾ ನ್ಯೂನತೆ’ ಎನ್ನುವುದು ಅದನ್ನೇ. ಬ್ರಿಟನ್ನಿನಲ್ಲಿ ಆ ಮಾತಿನ ಅರ್ಥ ಬೇರೆ. ಹಿಂದೆ ಕನ್ನಡದಲ್ಲಿ ಬುದ್ಧಿಮಾಂದ್ಯತೆ ಎಂದು, ಈಗ ಬೌದ್ಧಿಕ ಅಂಗವೈಕಲ್ಯ ಎಂದು ಕರೆಯುವ ಸ್ಥಿತಿ ಅದು. ಅದು ಕಾಯಿಲೆಯಲ್ಲ, ಔಷಧಿಯಿಂದ ಹೋಗುವಂಥದಲ್ಲ. ಹಾಗಿದ್ದೂ ಇಂಥವರನ್ನು, ಇವರ ಜೊತೆಗೆ ಆಟಿಸಂ ಇರುವವರನ್ನು, ಮನೋರೋಗದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇಟ್ಟುಕೊಂಡದ್ದು ಈ ಕ್ಷೇತ್ರದ ಅತ್ಯಂತ ನೋವಿನ ಅಧ್ಯಾಯ.

ಚರಿತ್ರೆ ಶುರುವಾಗುವುದು ಒಂದು ಗುಂಡಿನಿಂದ. 1800ರಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕ ಲಂಡನ್ನಿನ ನಾಟಕಶಾಲೆಯಲ್ಲಿ ದೊರೆ ಮೂರನೆಯ ಜಾರ್ಜ್‌ನ ಕಡೆಗೆ ಗುಂಡು ಹಾರಿಸಿದ. ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದು ಮತಿಭ್ರಮಣೆಗೊಂಡಿದ್ದ ಅವನನ್ನು ಶಿಕ್ಷಿಸುವ ಹಾಗಿರಲಿಲ್ಲ, ಬಿಟ್ಟುಕಳಿಸುವ ಹಾಗೂ ಇರಲಿಲ್ಲ. ಅದೇ ವರ್ಷ ಸಂಸತ್ತು ಅಪರಾಧಿ ಮನೋರೋಗಿಗಳ ಕಾಯಿದೆಯನ್ನು ತರಾತುರಿಯಲ್ಲಿ ತಂದಿತು. ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ಪ್ರತ್ಯೇಕ ವಿಭಾಗಗಳಾದವು. ಅವು ಸಾಲದೆ 1863ರ ಮೇ ತಿಂಗಳಲ್ಲಿ ಬ್ರಾಡ್‌ಮೂರ್ ತೆರೆಯಿತು. ಅದರ ನಕ್ಷೆ ಬರೆದ ಸರ್ ಜೋಶುವಾ ಜೆಬ್ ಸೇನೆಯ ಎಂಜಿನಿಯರು, ಜೈಲುಗಳನ್ನು ಕಟ್ಟಿಸಿ ಹೆಸರು ಮಾಡಿದವರು. ಮೊದಲು ಬಂದ ರೋಗಿಗಳು ಹೆಂಗಸರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾವಿರಾರು ಉದ್ಧರಣೆಗಳನ್ನು ಹುಡುಕಿ ಕಳಿಸಿದ ಅಮೆರಿಕದ ಸೇನಾ ವೈದ್ಯ ವಿಲಿಯಂ ಚೆಸ್ಟರ್ ಮೈನರ್ 1872ರಿಂದ 1910ರವರೆಗೆ ಇಲ್ಲೇ ಇದ್ದರು. ಕೋಣೆಯಲ್ಲಿ ಪುಸ್ತಕ ಇಟ್ಟುಕೊಳ್ಳಲು ಅವರಿಗೆ ಅನುಮತಿ ಸಿಕ್ಕಿತ್ತು. ಆಸ್ಪತ್ರೆಯವರು ಕೊಟ್ಟ ಆ ಒಂದು ಸೌಕರ್ಯದಿಂದ ಇಂಗ್ಲಿಷ್ ಭಾಷೆಗೆ ದಕ್ಕಿದ ಲಾಭ ಸಣ್ಣದಲ್ಲ.

ಬ್ರಾಡ್‌ಮೂರ್ ತುಂಬಿತೆಂದು 1912ರಲ್ಲಿ ನಾಟಿಂಗ್‌ಹ್ಯಾಂಷೈರಿನಲ್ಲಿ ರ‍್ಯಾಂಪ್ಟನ್ ಬಂತು. ಮರ್ಸಿಸೈಡಿನ ಮ್ಯಾಗಲ್‌ನಲ್ಲಿದ್ದ ಮಾಸ್ ಸೈಡ್ ಮತ್ತು ಪಾರ್ಕ್ ಲೇನ್ ಆಸ್ಪತ್ರೆಗಳು ಮುಂದೆ ಒಂದಾಗಿ ಆಶ್‌ವರ್ತ್ ಆದವು. ಇಂಗ್ಲೆಂಡಿನ ಅತಿ ಭದ್ರತೆಯ ಆಸ್ಪತ್ರೆಗಳು ಇಂದಿಗೂ ಈ ಮೂರೇ. ಸ್ಕಾಟ್ಲೆಂಡಿಗೆ ಕಾರ್‌ಸ್ಟೇರ್ಸ್‌ನಲ್ಲಿ ಬೇರೆಯದೇ ಇದೆ. ಮೂರರಲ್ಲಿ ರ‍್ಯಾಂಪ್ಟನ್ನಿನ ಜವಾಬ್ದಾರಿ ದೊಡ್ಡದು: ಅತಿ ಭದ್ರತೆ ಬೇಕಾದ ಹೆಂಗಸರು, ಬೌದ್ಧಿಕ ಅಂಗವೈಕಲ್ಯವಿರುವ ಗಂಡಸರು, ಕಿವುಡರು, ದೇಶದ ಯಾವ ಮೂಲೆಯವರಾದರೂ ಇಲ್ಲಿಗೇ ಬರಬೇಕು. ಮನೆಯವರು ನೋಡಲು ಬರಬೇಕೆಂದರೆ ಕೆಲವೊಮ್ಮೆ ಇಡೀ ದಿನದ ಪ್ರಯಾಣ.

ಇವುಗಳ ಕೆಳಗೆ ಇನ್ನೆರಡು ಮೆಟ್ಟಿಲುಗಳಿವೆ, ಮಧ್ಯಮ ಭದ್ರತೆ ಮತ್ತು ಕಡಿಮೆ ಭದ್ರತೆ. ಮಧ್ಯಮ ಮೆಟ್ಟಿಲು ಹುಟ್ಟಿದ್ದು 1970ರ ದಶಕದಲ್ಲಿ. 1971ರಲ್ಲಿ ಬ್ರಾಡ್‌ಮೂರ್‌ನಿಂದ ಬಿಡುಗಡೆಯಾದವನೊಬ್ಬ ಕೆಲಸದ ಜಾಗದಲ್ಲಿ ಸಹೋದ್ಯೋಗಿಗಳ ಚಹಾಕ್ಕೆ ವಿಷ ಬೆರೆಸಿ ಇಬ್ಬರನ್ನು ಕೊಂದ. ಅತಿ ಭದ್ರತೆಯ ಗೋಡೆಗೂ ಬಯಲಿಗೂ ನಡುವೆ ಏನೂ ಇಲ್ಲವೆಂಬುದು ಆಗ ಎಲ್ಲರ ಕಣ್ಣಿಗೆ ಬಿತ್ತು. ಲಾರ್ಡ್ ಬಟ್ಲರ್ ಸಮಿತಿ ಪ್ರಾಂತೀಯ ಭದ್ರತಾ ಘಟಕಗಳನ್ನು ಕೂಡಲೇ ತೆರೆಯಬೇಕೆಂದು 1974ರಲ್ಲಿ ಮಧ್ಯಂತರ ವರದಿ ಕೊಟ್ಟು 2,000 ಹಾಸಿಗೆ ಕೇಳಿತು. ಅದೇ ವರ್ಷ ಗ್ಲ್ಯಾನ್ಸಿ ವರದಿ 1,000 ಸಾಕೆಂದಿತು. ಎರಡೂ ಸಂಖ್ಯೆಗಳು ಕಾಗದದ ಮೇಲೆ ಬಹಳ ವರ್ಷ ಉಳಿದವು. ಕಟ್ಟಡಗಳು ಏಳತೊಡಗಿದ್ದು 1980ರ ದಶಕದಲ್ಲಿ. ಸರ್ಕಾರ ತಡಮಾಡಿದ ಜಾಗವನ್ನು ಖಾಸಗಿ ಕಂಪನಿಗಳೂ ದತ್ತಿ ಸಂಸ್ಥೆಗಳೂ ತುಂಬಿದವು. ಇವತ್ತಿಗೂ ಈ ಘಟಕಗಳ ಒಂದು ದೊಡ್ಡ ಪಾಲನ್ನು ಖಾಸಗಿಯವರು ನಡೆಸುತ್ತಾರೆ, ಬಿಲ್ಲನ್ನು ಸರ್ಕಾರಿ ಆರೋಗ್ಯ ಸೇವೆ ಕಟ್ಟುತ್ತದೆ.

ಕಟ್ಟಡದ ವಿಷಯದಲ್ಲಿ ನಿಯಮಗಳು ಅಳತೆಪಟ್ಟಿ ಹಿಡಿದೇ ಮಾತಾಡುತ್ತವೆ. ಮಧ್ಯಮ ಭದ್ರತೆಯ ಘಟಕಕ್ಕೆ 5.2 ಮೀಟರ್ ಎತ್ತರದ, ಬೆರಳು ತೂರಿಸಿ ಹತ್ತಲಾಗದಷ್ಟು ಒತ್ತಾದ ಜಾಲರಿಯ ಬೇಲಿ ಬೇಕು. ಕಡಿಮೆ ಭದ್ರತೆಯದಕ್ಕೆ 3 ಮೀಟರ್. ಅತಿ ಭದ್ರತೆಯ ಆಸ್ಪತ್ರೆಗಳ ಆವರಣ ‘ಬಿ’ ದರ್ಜೆಯ ಜೈಲಿಗೆ ಸಮನಾಗಿರಬೇಕು. ಒಳಗೆ ಹೋಗಲು ಜೋಡಿ ಬಾಗಿಲು: ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದು ತೆರೆಯುತ್ತದೆ. ನರ್ಸ್ ಆಗಲಿ ಅಡುಗೆಯವರಾಗಲಿ ಮೊಬೈಲನ್ನು ಹೊರಗಿಟ್ಟು, ಸೊಂಟದ ಪಟ್ಟಿಗೆ ಸರಪಳಿಯಿಂದ ಕೀಲಿಕೈ ಗೊಂಚಲು ಬಿಗಿದುಕೊಂಡು, ಅಲಾರಂ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾರೆ. ಊಟ ಮುಗಿದ ಮೇಲೆ ಚಮಚ, ಫೋರ್ಕು, ಚಾಕುಗಳ ಎಣಿಕೆ ನಡೆಯುತ್ತದೆ. ಒಂದು ಕಡಿಮೆ ಬಂದರೂ ಸಿಗುವವರೆಗೆ ಯಾರೂ ಊಟದ ಕೋಣೆ ಬಿಡುವಂತಿಲ್ಲ.

ಮಲಗುವ ಕೋಣೆ ಈಗ ಒಬ್ಬರಿಗೊಂದು, ಜೊತೆಗೇ ಬಚ್ಚಲು. ಕಣ್ಣಿಗೆ ಸಾಮಾನ್ಯ ಹಾಸ್ಟೆಲ್ ಕೋಣೆಯಂತೆ ಕಂಡರೂ ಪ್ರತಿ ವಸ್ತುವಿನ ಹಿಂದೆ ಒಂದು ಸಾವಿನ ಪಾಠವಿದೆ. ಪರದೆಯ ಸರಳು ಭಾರ ಬಿದ್ದರೆ ಕಳಚಿಕೊಳ್ಳುತ್ತದೆ. ನಲ್ಲಿಯೂ ಬಾಗಿಲ ಹಿಡಿಯೂ ಇಳಿಜಾರಾಗಿರುತ್ತವೆ, ಹಗ್ಗವಾಗಲಿ ಬಟ್ಟೆಯಾಗಲಿ ಅಲ್ಲಿ ನಿಲ್ಲುವುದಿಲ್ಲ. ಕೆಲವೆಡೆ ಬಾಗಿಲ ಮೇಲಂಚಿನಲ್ಲಿ ಭಾರ ಬಿದ್ದರೆ ಕೂಗುವ ಅಲಾರಂ ಇದೆ. ರಾತ್ರಿ ರೋಗಿಯನ್ನು ಎಬ್ಬಿಸದೆ ಇಣುಕಲು ಬಾಗಿಲಲ್ಲಿ ತೆರೆದು ಮುಚ್ಚುವ ಗಾಜಿನ ಕಿಂಡಿ.

ಎಲ್ಲಕ್ಕಿಂತ ಕಟ್ಟುನಿಟ್ಟಾದ ವಿವರಣೆಯಿರುವುದು ಏಕಾಂತ ಕೋಣೆಗೆ. ತನ್ನನ್ನೋ ಇತರರನ್ನೋ ಗಾಯಗೊಳಿಸುವ ಸ್ಥಿತಿಯಲ್ಲಿರುವ ರೋಗಿಯನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಇರಿಸುವ ಕೋಣೆ ಅದು. ಮಾನಸಿಕ ಆರೋಗ್ಯ ಕಾಯಿದೆಯಡಿ ಹೊರಟ 2015ರ ನಡಾವಳಿ ಸಂಹಿತೆಯ ಪ್ರಕಾರ ಅಲ್ಲಿ ಹಗಲು ಬೆಳಕು ಬರುವ ಕಿಟಕಿ ಇರಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು, ಕಣ್ಣಿಗೆ ಮರೆಯಾಗುವ ಮೂಲೆ ಇರಬಾರದು, ಶೌಚಕ್ಕೆ ಮತ್ತು ಮುಖ ತೊಳೆಯಲು ಅನುಕೂಲವಿರಬೇಕು, ಬಾಗಿಲು ಹಾಕಿದ್ದರೂ ಒಳಗಿನವರ ಜೊತೆ ಮಾತಾಡಲು ಸಾಧ್ಯವಾಗಬೇಕು. ಒಂದು ಗಡಿಯಾರ ಕಾಣುವಂತಿರಬೇಕೆಂಬ ನಿಯಮವೂ ಇದೆ. ಸಣ್ಣ ವಿಷಯವೆನಿಸಬಹುದು. ಆದರೆ ನಾಲ್ಕು ಗೋಡೆಯ ನಡುವೆ ಎಷ್ಟು ಹೊತ್ತಾಯಿತೆಂದು ತಿಳಿಯದೆ ಕುಳಿತ ಮನುಷ್ಯನ ಭಯವನ್ನು ಬಲ್ಲವರು ಬರೆದ ನಿಯಮ ಅದು. ಕೋಣೆಯ ಹೊರಗೆ ಒಬ್ಬ ಸಿಬ್ಬಂದಿ ಸದಾ ಕುಳಿತಿರಬೇಕು, ಹದಿನೈದು ನಿಮಿಷಕ್ಕೊಮ್ಮೆಯಾದರೂ ಬರೆದಿಡಬೇಕು. ಎರಡು ಗಂಟೆಗೊಮ್ಮೆ ಇಬ್ಬರು ನರ್ಸುಗಳು, ಮೊದಲ ಹಂತದಲ್ಲಿ ನಾಲ್ಕು ಗಂಟೆಗೊಮ್ಮೆ ವೈದ್ಯರು ಬಂದು ಪರಿಶೀಲಿಸಬೇಕು. ಒಂದು ಕೋಣೆಯ ನಿಯಮವೇ ಎಷ್ಟು ಜನರ ಎಷ್ಟು ಹೊತ್ತನ್ನು ಬೇಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಬೌದ್ಧಿಕ ಅಂಗವೈಕಲ್ಯ ಮತ್ತು ಆಟಿಸಂ ಇರುವವರಿಗೆ ಇದೇ ಕಟ್ಟಡ ಬೇರೆ ರೀತಿಯಲ್ಲಿ ಒಗ್ಗುವುದಿಲ್ಲ. ಕಬ್ಬಿಣದ ಬಾಗಿಲು ದಡಾರನೆ ಮುಚ್ಚುವ ಸದ್ದು, ಗಳಿಗೆಗೊಮ್ಮೆ ಕೂಗುವ ಅಲಾರಂ, ಟ್ಯೂಬ್‌ಲೈಟಿನ ಬೆಳಕು, ಪಾಳಿ ಬದಲಾದಾಗಲೆಲ್ಲ ಹೊಸ ಮುಖ: ಆಟಿಸಂ ಇರುವ ಅನೇಕರಿಗೆ ಇವೆಲ್ಲ ಮೈಮೇಲೆ ಬಿದ್ದ ಪೆಟ್ಟಿನಂತೆ. ಅದನ್ನು ಮಾತಿನಲ್ಲಿ ಹೇಳಲಾಗದೆ ಅವರು ಕೂಗಿದರೆ, ತಲೆ ಚಚ್ಚಿಕೊಂಡರೆ, ಅದನ್ನು ಹಿಂಸೆ ಎಂದು ಬರೆದುಕೊಳ್ಳಲಾಗುತ್ತದೆ. ಆ ದಾಖಲೆಯಿಂದ ಬಿಡುಗಡೆ ಇನ್ನಷ್ಟು ದೂರ ಹೋಗುತ್ತದೆ. ಇಂಥವರಿಗೆ ಬೇಕಾದ್ದು ಸಣ್ಣ ವಾರ್ಡು, ಕಡಿಮೆ ಸದ್ದು, ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ತೋರಿಸುವ ಫಲಕ, ಮಕಾಟನ್ ಎಂಬ ಕೈಸನ್ನೆ ಪದ್ಧತಿ ಬಲ್ಲ ಒಬ್ಬರು, ಸರಳ ಭಾಷೆಯಲ್ಲಿ ಬರೆದ ಹಕ್ಕುಗಳ ಹಾಳೆ. ದುಬಾರಿ ಏನೂ ಅಲ್ಲ. ಆದರೂ ಇವು ಇಲ್ಲದ ಘಟಕಗಳ ಬಗ್ಗೆ ಆಸ್ಪತ್ರೆಗಳನ್ನು ತಪಾಸಣೆ ಮಾಡುವ ಆರೈಕೆ ಗುಣಮಟ್ಟ ಆಯೋಗ 2020ರಲ್ಲಿ ಕೊಟ್ಟ ವರದಿಯನ್ನು ಓದುವುದು ಕಷ್ಟ. ಸಮುದಾಯದಲ್ಲಿ ಸರಿಯಾದ ನೆರವು ಸಿಗದೆ ಆಸ್ಪತ್ರೆ ಸೇರಿ, ಅಲ್ಲಿ ಇತರರಿಂದ ಬೇರ್ಪಟ್ಟು ವರ್ಷಗಟ್ಟಲೆ ಒಂಟಿಯಾಗಿ ಉಳಿದವರ ಕಥೆಗಳು ಅದರಲ್ಲಿವೆ.

ಈ ಕ್ಷೇತ್ರದವರು ಭದ್ರತೆಯನ್ನು ಮೂರು ಬಗೆಯಾಗಿ ನೋಡುತ್ತಾರೆ. ಬೇಲಿ, ಬೀಗಗಳದು ಒಂದು. ತಪಾಸಣೆ, ಎಣಿಕೆಗಳ ವಿಧಿವಿಧಾನದ್ದು ಇನ್ನೊಂದು. ಮೂರನೆಯದು ಸಂಬಂಧದ ಭದ್ರತೆ. ರೋಗಿಯನ್ನು ಸಿಬ್ಬಂದಿ ಎಷ್ಟು ಚೆನ್ನಾಗಿ ಬಲ್ಲರು, ತಾಯಿಯ ಫೋನು ಬರದ ಭಾನುವಾರ ಅವನು ಮಂಕಾಗುತ್ತಾನೆಂದು ಗೊತ್ತೇ, ಯಾವ ಇಬ್ಬರನ್ನು ಒಂದೇ ಮೇಜಿಗೆ ಕೂರಿಸಬಾರದೆಂದು ಗೊತ್ತೇ ಎಂಬುದು. 2010ರಲ್ಲಿ ಆರೋಗ್ಯ ಇಲಾಖೆ ಇದಕ್ಕೆಂದೇ ‘ಸೀ, ಥಿಂಕ್, ಆ್ಯಕ್ಟ್’ ಎಂಬ ಕೈಪಿಡಿ ಹೊರಡಿಸಿತು. ಮೊದಲ ಎರಡನ್ನು ದುಡ್ಡು ಕೊಟ್ಟು ಒಂದೇ ವರ್ಷದಲ್ಲಿ ಕಟ್ಟಬಹುದು. ಮೂರನೆಯದಕ್ಕೆ ಅದೇ ಜನ, ಅದೇ ವಾರ್ಡಿನಲ್ಲಿ, ವರ್ಷಗಟ್ಟಲೆ ಇರಬೇಕು.

ಆ ಜನ ಯಾರು? ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಕ್ಯುಪೇಷನಲ್ ಥೆರಪಿಸ್ಟರು, ಮಾತಿನ ಚಿಕಿತ್ಸಕರು, ಸಮಾಜ ಕಾರ್ಯಕರ್ತರು ಹಗಲಿನಲ್ಲಿ ಬಂದು ಹೋಗುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ವಾರ್ಡಿನಲ್ಲಿರುವವರು ನರ್ಸುಗಳು ಮತ್ತು ಆರೋಗ್ಯ ಸಹಾಯಕರು. ಬ್ರಿಟನ್ನಿನಲ್ಲಿ ನರ್ಸಿಂಗ್ ನೋಂದಣಿಗೆ ನಾಲ್ಕು ಶಾಖೆಗಳಿವೆ: ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಬೌದ್ಧಿಕ ಅಂಗವೈಕಲ್ಯ. ಕೊನೆಯ ಎರಡು ಶಾಖೆಯವರಿಗೆ ಕಾನೂನು ವಿಶೇಷ ಅಧಿಕಾರ ಕೊಟ್ಟಿದೆ. ಸ್ವಇಚ್ಛೆಯಿಂದ ದಾಖಲಾದ ರೋಗಿ ಅಪಾಯದ ಸ್ಥಿತಿಯಲ್ಲಿ ಹೊರಟುಬಿಟ್ಟರೆ, ವೈದ್ಯರು ಬರುವವರೆಗೆ ಅವರನ್ನು ಗರಿಷ್ಠ ಆರು ಗಂಟೆ ತಡೆದಿಡುವ ಅಧಿಕಾರ ಅದು. ಬೌದ್ಧಿಕ ಅಂಗವೈಕಲ್ಯದ ನರ್ಸುಗಳ ಕೊರತೆ ಅಲ್ಲಿ ವರ್ಷಗಳಿಂದ ಇದೆ.

ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿಗೆ ಹೋದವರು ಬಹಳ ಮಂದಿ. ಸಾಮಾನ್ಯ ನರ್ಸಿಂಗ್ ಓದಿದವರು ಅಲ್ಲಿ ನೋಂದಣಿಯಾಗುವುದು ಹೆಚ್ಚಾಗಿ ವಯಸ್ಕರ ಶಾಖೆಯಲ್ಲಿ. ಇಲ್ಲಿನ ಪಠ್ಯದಲ್ಲಿ ಮನೋರೋಗ ಶುಶ್ರೂಷೆ ಒಂದು ವಿಷಯ ಮಾತ್ರ. ಅಲ್ಲಿ ಅದೇ ಬೇರೆ ವೃತ್ತಿ. ಇನ್ನು ಮನೋವೈದ್ಯರಲ್ಲಂತೂ ಭಾರತದಲ್ಲಿ ಓದಿದವರಿಲ್ಲದ ವಿಭಾಗ ಸಿಗುವುದು ಅಪರೂಪ. ಬೌದ್ಧಿಕ ಅಂಗವೈಕಲ್ಯದ ಮನೋವೈದ್ಯಶಾಸ್ತ್ರವೂ ಇದಕ್ಕೆ ಹೊರತಲ್ಲ.

ಒಂದು ವಾರ್ಡಿಗೆ ಎಷ್ಟು ಜನ ಬೇಕು? ವಿಚಿತ್ರವೆಂದರೆ ಬೇಲಿಯ ಎತ್ತರವನ್ನು ದಶಮಾಂಶದವರೆಗೆ ಹೇಳುವ ವ್ಯವಸ್ಥೆ ಈ ಪ್ರಶ್ನೆಗೆ ಸಂಖ್ಯೆ ಕೊಟ್ಟಿಲ್ಲ. ಇಷ್ಟು ರೋಗಿಗೆ ಇಷ್ಟು ನರ್ಸ್ ಎಂಬ ಕಾನೂನು ಇಂಗ್ಲೆಂಡಿನಲ್ಲಿಲ್ಲ. ಮಿಡ್ ಸ್ಟಾಫರ್ಡ್‌ಷೈರ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕುಸಿದ ದುರಂತದ ಬಗ್ಗೆ 2013ರಲ್ಲಿ ಫ್ರಾನ್ಸಿಸ್ ವರದಿ ಬಂದ ಮೇಲೆ, ಸುರಕ್ಷಿತ ಸಿಬ್ಬಂದಿ ಮಟ್ಟದ ಮಾರ್ಗಸೂಚಿ ಬರೆಯುವ ಕೆಲಸವನ್ನು ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಗೆ ಒಪ್ಪಿಸಲಾಯಿತು. 2015ರಲ್ಲಿ ಅದನ್ನು ಮಧ್ಯದಲ್ಲೇ ನಿಲ್ಲಿಸಲಾಯಿತು. ಮನೋರೋಗ ವಾರ್ಡುಗಳ ಮಾರ್ಗಸೂಚಿ ಆ ದಾರಿಯಲ್ಲಿ ಹೊರಬರಲಿಲ್ಲ. ವೇಲ್ಸ್ 2016ರಲ್ಲಿ ನರ್ಸ್ ಸಂಖ್ಯೆಯ ಕಾಯಿದೆಯನ್ನೇ ಮಾಡಿತು. ಸಂಖ್ಯೆ ಲೆಕ್ಕಹಾಕುವ ಅದರ ಕಟ್ಟುನಿಟ್ಟಿನ ಕರ್ತವ್ಯ ವೈದ್ಯಕೀಯ, ಶಸ್ತ್ರಚಿಕಿತ್ಸೆಯ, ಮಕ್ಕಳ ವಾರ್ಡುಗಳಿಗೆ ಅನ್ವಯಿಸಿತೇ ಹೊರತು ಮನೋರೋಗ ವಾರ್ಡಿಗೆ ಬರಲಿಲ್ಲ. ಈಗ ಲೆಕ್ಕಕ್ಕೆ ಸಿಗುವುದು ಒಬ್ಬ ರೋಗಿಗೆ ದಿನಕ್ಕೆ ಎಷ್ಟು ಗಂಟೆ ಶುಶ್ರೂಷೆ ಎಂಬ ಸರಾಸರಿ. ಸರಾಸರಿಯಲ್ಲಿ ಆ ಗಂಟೆಗಳು ಎಲ್ಲಿ ಖರ್ಚಾದವು ಎಂಬುದು ಕಾಣಿಸುವುದಿಲ್ಲ.

ಒಂದು ವಾರ್ಡನ್ನು ಊಹಿಸಿಕೊಂಡರೆ ವಿಷಯ ಬಿಡಿಸಿಕೊಳ್ಳುತ್ತದೆ. ಹನ್ನೆರಡು ರೋಗಿಗಳು, ಹಗಲು ಪಾಳಿಯಲ್ಲಿ ಆರು ಮಂದಿ. ಕಾಗದದ ಮೇಲೆ ಇಬ್ಬರಿಗೊಬ್ಬರು, ಉದಾರವಾಗಿಯೇ ಕಾಣುತ್ತದೆ. ಇಬ್ಬರು ರೋಗಿಗಳು ಆತ್ಮಹತ್ಯೆಯ ಯೋಚನೆಯಲ್ಲಿದ್ದಾರೆ. ಅವರನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಲು ಇಬ್ಬರು ಸಿಬ್ಬಂದಿ ಹೋದರು. ಒಬ್ಬ ರೋಗಿಗೆ ಹಲ್ಲುನೋವು, ಹೊರಗಿನ ಆಸ್ಪತ್ರೆಗೆ ಕರೆದೊಯ್ಯಲು ಇನ್ನಿಬ್ಬರು ಹೊರಟರು. ಒಬ್ಬ ನರ್ಸ್ ಔಷಧಿ ಕೋಣೆಯಲ್ಲಿ. ಉಳಿದವರು ಒಬ್ಬರು. ಗಂಟೆಗೊಮ್ಮೆ ಎಲ್ಲರನ್ನೂ ಎಣಿಸಿ ನೋಡಬೇಕಾದವರು, ಬಾಗಿಲು ತೆರೆಯಬೇಕಾದವರು, ಫೋನ್ ಎತ್ತಬೇಕಾದವರು, ಪಕ್ಕದ ವಾರ್ಡಿನಲ್ಲಿ ಅಲಾರಂ ಕೂಗಿದರೆ ಓಡಬೇಕಾದವರು ಅವರೇ. ಆ ಹೊತ್ತಿಗೆ ಒಬ್ಬ ರೋಗಿ ಬಂದು, ಇವತ್ತು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಿರಲ್ಲ ಎಂದು ಕೇಳುತ್ತಾನೆ. ಉತ್ತರ ಆಗಲೇ ನಿರ್ಧಾರವಾಗಿಬಿಟ್ಟಿದೆ.

ಜನ ಕಡಿಮೆಯಾದಾಗ ಮೊದಲು ಹೋಗುವುದು ಹೊರಸುತ್ತಾಟ. ಆಮೇಲೆ ಜಿಮ್ಮು, ಅಡುಗೆ ತರಗತಿ, ಬಡಗಿ ಕೆಲಸ. ಕಟ್ಟಡದಲ್ಲಿ ಇವೆಲ್ಲಕ್ಕೂ ಕೋಣೆಗಳಿರುತ್ತವೆ, ಉಪಕರಣಗಳೂ ಇರುತ್ತವೆ, ಬೀಗ ತೆಗೆಯುವವರಿರುವುದಿಲ್ಲ. ಈ ಅರ್ಥದಲ್ಲಿ ಸಿಬ್ಬಂದಿ ಮತ್ತು ಸೌಕರ್ಯ ಎರಡು ಬೇರೆ ವಿಷಯಗಳಲ್ಲ. ಭದ್ರತಾ ವಾರ್ಡಿನಲ್ಲಿ ತೋಟವೆಂದರೆ ತೋಟಕ್ಕೆ ಕರೆದೊಯ್ಯುವ ಮನುಷ್ಯ. ಕೊರತೆ ಇನ್ನೂ ಹೆಚ್ಚಿದರೆ ರೋಗಿಯನ್ನು ಕೋಣೆಯೊಳಗೇ ಬಿಡಲಾಗುತ್ತದೆ. 2011ರಲ್ಲಿ ಹೊರಟ ನಿರ್ದೇಶನ ಅತಿ ಭದ್ರತೆಯ ಆಸ್ಪತ್ರೆಗಳಿಗೆ ರಾತ್ರಿ ರೋಗಿಗಳ ಕೋಣೆಗೆ ಬೀಗ ಹಾಕಲು ಅವಕಾಶ ಕೊಟ್ಟಿತು. ರಾತ್ರಿ ಪಾಳಿಗೆ ಕಡಿಮೆ ಜನ ಸಾಕಾಗುತ್ತಾರೆ, ಉಳಿದವರನ್ನು ಹಗಲಿಗೆ ಬಳಸಬಹುದು ಎಂಬುದು ಅದರ ಹಿಂದಿನ ವಾದ. 2024ರ ಜನವರಿಯಲ್ಲಿ ಆರೈಕೆ ಗುಣಮಟ್ಟ ಆಯೋಗ ರ‍್ಯಾಂಪ್ಟನ್ನಿಗೆ ‘ಅಸಮರ್ಪಕ’ ಎಂಬ ಅತ್ಯಂತ ಕೆಳಗಿನ ದರ್ಜೆ ಕೊಟ್ಟಾಗ ಮುಖ್ಯ ಕಾರಣಗಳಲ್ಲೊಂದು ಸಿಬ್ಬಂದಿ ಕೊರತೆ, ಅದರಿಂದಾಗಿ ರೋಗಿಗಳು ಕೋಣೆಗಳಲ್ಲೇ ಉಳಿಯಬೇಕಾಗಿ ಬಂದದ್ದು.

ಖಾಲಿ ಜಾಗಗಳಿಗೆ ಏಜೆನ್ಸಿಯಿಂದ ಜನ ಬರುತ್ತಾರೆ. ಅವರಲ್ಲೂ ಒಳ್ಳೆಯವರಿದ್ದಾರೆ, ಕಷ್ಟಪಟ್ಟು ದುಡಿಯುತ್ತಾರೆ. ಆದರೆ ಹನ್ನೆರಡು ಗಂಟೆಯ ಪಾಳಿಗೆ ಬಂದು ಹೋಗುವವರಿಗೆ ರೋಗಿಯ ಹೆಸರು ಗೊತ್ತಿರುತ್ತದೆ, ಅವನ ಭಯ ಗೊತ್ತಿರುವುದಿಲ್ಲ.

ಗೋಡೆಯೊಳಗಿನ ಸಂಗತಿ ಹೊರಬಂದ ದಾರಿ ದೀರ್ಘವಾದದ್ದು. 1967ರಲ್ಲಿ ಕಾರ್ಡಿಫಿನ ಈಲಿ ಆಸ್ಪತ್ರೆಯ ಸಹಾಯಕನೊಬ್ಬ ಅಲ್ಲಿನ ಬೌದ್ಧಿಕ ಅಂಗವಿಕಲರ ಮೇಲೆ ನಡೆಯುತ್ತಿದ್ದ ಕ್ರೌರ್ಯವನ್ನು ಪತ್ರಿಕೆಗೆ ತಿಳಿಸಿದ. ಜೆಫ್ರಿ ಹೌ ನಡೆಸಿದ ವಿಚಾರಣೆಯ ವರದಿಯನ್ನು 1969ರಲ್ಲಿ ಸಚಿವ ರಿಚರ್ಡ್ ಕ್ರಾಸ್‌ಮನ್ ಪೂರ್ಣವಾಗಿ ಪ್ರಕಟಿಸಿದರು. ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿ ಜನರನ್ನು ಊರುಗಳಲ್ಲಿ ಬಾಳಿಸಬೇಕೆಂಬ ಧೋರಣೆಗೆ 1971ರ ಶ್ವೇತಪತ್ರ ಅಡಿಪಾಯ ಹಾಕಿತು. 1979ರಲ್ಲಿ ಯಾರ್ಕ್‌ಷೈರ್ ಟೆಲಿವಿಷನ್ ರ‍್ಯಾಂಪ್ಟನ್ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿತು, ಮರುವರ್ಷ ಬಾಯ್ನ್‌ಟನ್ ವರದಿ. ಆಶ್‌ವರ್ತ್ ಬಗ್ಗೆ 1992ರಲ್ಲೊಂದು, 1999ರಲ್ಲಿ ಇನ್ನೊಂದು ವಿಚಾರಣೆ. ಎರಡನೆಯದು ಆಸ್ಪತ್ರೆಯನ್ನು ಮುಚ್ಚಲು ಹೇಳಿತು, ಸರ್ಕಾರ ಒಪ್ಪಲಿಲ್ಲ.

ವಿಂಟರ್‌ಬೋರ್ನ್ ವ್ಯೂ ಎಂಬ ಹೆಸರು ಮಾತ್ರ ಈ ಪಟ್ಟಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬ್ರಿಸ್ಟಲ್ ಹತ್ತಿರದ ಹ್ಯಾಂಬ್ರೂಕ್‌ನಲ್ಲಿ ಕ್ಯಾಸಲ್‌ಬೆಕ್ ಕಂಪನಿ ನಡೆಸುತ್ತಿದ್ದ 24 ಹಾಸಿಗೆಗಳ ಖಾಸಗಿ ಆಸ್ಪತ್ರೆ ಅದು. ಲೆಕ್ಕಕ್ಕೆ ಭದ್ರತಾ ಘಟಕವಲ್ಲ, ‘ಪರೀಕ್ಷೆ ಮತ್ತು ಚಿಕಿತ್ಸೆ’ಯ ಕೇಂದ್ರ, ಬಾಗಿಲಿಗೆ ಮಾತ್ರ ಬೀಗ. ಒಬ್ಬ ರೋಗಿಗೆ ಸರ್ಕಾರ ವಾರಕ್ಕೆ ಸರಾಸರಿ 3,500 ಪೌಂಡ್ ಕೊಡುತ್ತಿತ್ತು. ಆ ಹಣಕ್ಕೆ ಸಿಗುತ್ತಿದ್ದುದು ದಿನವಿಡೀ ಕೆಲಸವಿಲ್ಲದೆ ಕುಳಿತ ರೋಗಿಗಳು, ತರಬೇತಿ ಹೆಚ್ಚು ಕಾಣದ ಸಹಾಯಕರು. ಅಲ್ಲಿನ ಹಿರಿಯ ನರ್ಸ್ ಟೆರಿ ಬ್ರಯನ್ ಮೊದಲು ಆಡಳಿತಕ್ಕೆ, ಆಮೇಲೆ ಆಯೋಗಕ್ಕೆ ದೂರು ಕೊಟ್ಟರು. ಯಾರೂ ಅಲುಗಾಡದಿದ್ದಾಗ ಬಿಬಿಸಿಗೆ ಹೋದರು. ಪನೋರಮಾ ಕಾರ್ಯಕ್ರಮದ ವರದಿಗಾರ ಸಹಾಯಕನಾಗಿ ಕೆಲಸಕ್ಕೆ ಸೇರಿ, ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ. 2011ರ ಮೇ 31ರಂದು ದೇಶ ಅದನ್ನು ನೋಡಿತು: ನೆಲಕ್ಕೆ ಕೆಡವಿ ಕುರ್ಚಿಯ ಕೆಳಗೆ ಒತ್ತಿ ಹಿಡಿಯುವುದು, ಹೊಡೆಯುವುದು, ಬಟ್ಟೆ ಹಾಕಿಕೊಂಡಂತೆಯೇ ತಣ್ಣೀರು ಸುರಿಯುವುದು. ಮುಂದಿನ ತಿಂಗಳೇ ಆಸ್ಪತ್ರೆ ಮುಚ್ಚಿತು. ಹನ್ನೊಂದು ಮಂದಿ ತಪ್ಪೊಪ್ಪಿಕೊಂಡರು, ಆರು ಮಂದಿ ಜೈಲಿಗೆ ಹೋದರು.

ಈ ಪ್ರಕರಣವನ್ನು ಪರಿಶೀಲಿಸಿ ಮಾರ್ಗರೆಟ್ ಫ್ಲಿನ್ 2012ರಲ್ಲಿ ಕೊಟ್ಟ ವರದಿ ಹೊಡೆದ ಕೈಗಳಿಗಿಂತ ಆಳಕ್ಕೆ ಹೋಯಿತು. ಆಸ್ಪತ್ರೆಯ ಪುಸ್ತಕಗಳಲ್ಲೇ ರೋಗಿಗಳನ್ನು ಬಲವಂತವಾಗಿ ಹಿಡಿದಿಟ್ಟ ನೂರಾರು ದಾಖಲೆಗಳಿದ್ದವು. ರೋಗಿಗಳು ಗಾಯಗೊಂಡು ಮತ್ತೆಮತ್ತೆ ತುರ್ತು ಚಿಕಿತ್ಸೆಗೆ ಬಂದಿದ್ದರು, ಪೊಲೀಸರಿಗೆ ಕರೆಗಳು ಹೋಗಿದ್ದವು. ಒಬ್ಬೊಬ್ಬರ ಬಳಿ ಒಂದೊಂದು ಚೂರು ಮಾಹಿತಿ, ಜೋಡಿಸಿ ನೋಡಿದವರಿರಲಿಲ್ಲ. ನೋಡಲು ಬಂದ ತಂದೆತಾಯಿಯರು ಸಂದರ್ಶಕರ ಕೋಣೆಯಲ್ಲೇ ಕೂರಬೇಕಿತ್ತು, ಮಕ್ಕಳು ಮಲಗುವ ಕೋಣೆಯನ್ನು ನೋಡುವಂತಿರಲಿಲ್ಲ. ಎಲ್ಲ ಸೌಕರ್ಯಗಳ ನಡುವೆ ಅತಿ ಮುಖ್ಯವಾದದ್ದು ಮನೆಯವರಿಗೆ ತೆರೆದ ಬಾಗಿಲು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆಸ್ಪತ್ರೆಯಲ್ಲಿ ಇರಬೇಕಿಲ್ಲದ ಬೌದ್ಧಿಕ ಅಂಗವಿಕಲರನ್ನೆಲ್ಲ 2014ರ ಜೂನ್ ಒಳಗೆ ಊರುಗಳಿಗೆ ಕಳಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಆಗಲಿಲ್ಲ. 2015ರಲ್ಲಿ ಮತ್ತೊಂದು ಯೋಜನೆ, 2019ರ ಮಾರ್ಚ್ ಒಳಗೆ ಹಾಸಿಗೆಗಳನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸುವ ಗುರಿ. ಅದೂ ತಪ್ಪಿತು. ಆ ಗಡುವು ಮುಗಿದ ಎರಡೇ ತಿಂಗಳಲ್ಲಿ ಡರ್ಹಾಮ್ ಕೌಂಟಿಯ ವೋರ್ಲ್‌ಟನ್ ಹಾಲ್ ಎಂಬ ಖಾಸಗಿ ಆಸ್ಪತ್ರೆಯ ಇಂಥವೇ ದೃಶ್ಯಗಳನ್ನು ಪನೋರಮಾ ತೋರಿಸಿತು. 2022ರಲ್ಲಿ ಮ್ಯಾಂಚೆಸ್ಟರ್ ಬಳಿಯ ಪ್ರೆಸ್ಟ್‌ವಿಚ್‌ನ ಈಡನ್‌ಫೀಲ್ಡ್ ಎಂಬ ಮಧ್ಯಮ ಭದ್ರತೆಯ ಸರ್ಕಾರಿ ಘಟಕದ ಸರದಿ. ಸರ್ಕಾರಿಯಾದರೆ ಸರಿ, ಖಾಸಗಿಯಾದರೆ ಕೆಟ್ಟದ್ದು ಎಂಬ ಸುಲಭದ ತೀರ್ಮಾನ ಅಲ್ಲಿಗೆ ಮುರಿದುಬಿತ್ತು.

ಬಲಪ್ರಯೋಗದ ಕಥೆಯೂ ಇಲ್ಲಿಗೇ ಸೇರುತ್ತದೆ. ರೋಗಿಯನ್ನು ತಂಡವಾಗಿ ಹಿಡಿಯುವ ತಂತ್ರ ಆಸ್ಪತ್ರೆಗೆ ಬಂದದ್ದು ಜೈಲುಗಳಿಂದ. 1998ರಲ್ಲಿ ನಾರಿಚ್‌ನ ಮಧ್ಯಮ ಭದ್ರತೆಯ ಕ್ಲಿನಿಕ್‌ನಲ್ಲಿ ಕಪ್ಪು ವರ್ಣದ ರೋಗಿಯೊಬ್ಬರನ್ನು ಸಿಬ್ಬಂದಿ ಬೋರಲಾಗಿ ನೆಲಕ್ಕೆ ಒತ್ತಿ ಹಿಡಿದಿದ್ದಾಗ ಅವರ ಉಸಿರು ನಿಂತಿತು. ಯಾರನ್ನೂ ಮೂರು ನಿಮಿಷಕ್ಕಿಂತ ಹೆಚ್ಚು ಬೋರಲಾಗಿ ಹಿಡಿಯಬಾರದೆಂದು ವಿಚಾರಣೆಯ ಅಧ್ಯಕ್ಷರು ಶಿಫಾರಸು ಮಾಡಿದರು. 2018ರಲ್ಲಿ ಮಾನಸಿಕ ಆರೋಗ್ಯ ಘಟಕಗಳ ಬಲಪ್ರಯೋಗ ಕಾಯಿದೆ ಬಂತು. ಅದರ ಬಹುಪಾಲು ಜಾರಿಯಾದದ್ದು 2022ರ ಮಾರ್ಚಿನಲ್ಲಿ. ಪ್ರತಿ ಘಟಕವೂ ಬಲಪ್ರಯೋಗಕ್ಕೆ ಹೊಣೆ ಹೊರುವ ಒಬ್ಬ ಹಿರಿಯ ಅಧಿಕಾರಿಯನ್ನು ಹೆಸರಿಸಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು, ಪ್ರತಿ ಘಟನೆಯನ್ನೂ ದಾಖಲಿಸಬೇಕು. 2022ರ ಇನ್ನೊಂದು ಕಾನೂನಿನಂತೆ ಆಯೋಗದಲ್ಲಿ ನೋಂದಾಯಿತ ಎಲ್ಲ ಆರೋಗ್ಯ, ಆರೈಕೆ ಸಂಸ್ಥೆಗಳ ಸಿಬ್ಬಂದಿಗೂ ಅವರವರ ಕೆಲಸಕ್ಕೆ ತಕ್ಕಂತೆ ಬೌದ್ಧಿಕ ಅಂಗವೈಕಲ್ಯ ಮತ್ತು ಆಟಿಸಂ ಬಗ್ಗೆ ತರಬೇತಿ ಕಡ್ಡಾಯ.

ಜನ ಕಡಿಮೆಯಿದ್ದಾಗಲೂ ಮಾಡಬಹುದಾದ್ದು ಇದೆಯೇ ಎಂದು ಹುಡುಕಿದವರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮನೋರೋಗ ಶುಶ್ರೂಷಾ ಪ್ರಾಧ್ಯಾಪಕರಾಗಿದ್ದ ಲೆನ್ ಬವರ್ಸ್ ಒಬ್ಬರು. ಅವರ ‘ಸೇಫ್‌ವಾರ್ಡ್ಸ್’ ಮಾದರಿಯಲ್ಲಿರುವುದು ಹತ್ತು ಸರಳ ಅಭ್ಯಾಸಗಳು. ರೋಗಿಗೆ ಇಲ್ಲವೆನ್ನಬೇಕಾದಾಗ ಮೃದುವಾಗಿ ಹೇಳುವುದು. ಮನೆಯಿಂದ ಕೆಟ್ಟ ಸುದ್ದಿ ಬರುವ ಸೂಚನೆಯಿದ್ದರೆ ಮೊದಲೇ ಹತ್ತಿರ ಕೂರುವುದು. ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಮಾತನ್ನಾದರೂ ಹೇಳುವುದು. ಸಿಬ್ಬಂದಿ ಮತ್ತು ರೋಗಿಗಳು ತಮ್ಮ ಇಷ್ಟದ ಹಾಡು, ಆಟ, ತಿಂಡಿಯ ಬಗ್ಗೆ ಬರೆದು ಎಲ್ಲರೂ ಓದುವಂತೆ ಇಡುವುದು. ವಾಸಿಯಾಗಿ ಹೊರಡುವವರು ಉಳಿದವರಿಗೆ ನಾಲ್ಕು ಸಾಲು ಬರೆದು ಹೋಗುತ್ತಾರೆ. ಎಷ್ಟೋ ವಾರ್ಡುಗಳಲ್ಲಿ ಅವನ್ನು ಗೋಡೆಯ ಮೇಲಿನ ಮರದ ಚಿತ್ರಕ್ಕೆ ಎಲೆಗಳಂತೆ ಅಂಟಿಸಿರುತ್ತಾರೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಅಭ್ಯಾಸಗಳಿದ್ದ ವಾರ್ಡುಗಳಲ್ಲಿ ಜಗಳ, ಹಲ್ಲೆಯಂಥ ಘಟನೆಗಳು ಶೇ 15ರಷ್ಟು, ಹಿಡಿದಿಡುವುದು, ಏಕಾಂತದಂಥ ಕ್ರಮಗಳು ಶೇ 26ರಷ್ಟು ತಗ್ಗಿದ್ದವು. ಸಾಮಾನ್ಯ ಮನೋರೋಗ ವಾರ್ಡುಗಳಲ್ಲಿ ನಡೆದ ಈ ಪ್ರಯೋಗವನ್ನು ಮುಂದೆ ಭದ್ರತಾ ಘಟಕಗಳೂ ಕೈಗೆತ್ತಿಕೊಂಡವು.

ಹೊಸ ಕಟ್ಟಡಗಳಲ್ಲಿ ಈ ಅರಿವು ಸ್ವಲ್ಪಮಟ್ಟಿಗೆ ಇಳಿದಿದೆ. 2019ರಲ್ಲಿ ಬ್ರಾಡ್‌ಮೂರ್‌ನ ರೋಗಿಗಳು ವಿಕ್ಟೋರಿಯಾ ಕಾಲದ ಇಟ್ಟಿಗೆಯ ಕಟ್ಟಡ ಬಿಟ್ಟು ಪಕ್ಕದ 234 ಹಾಸಿಗೆಗಳ ಹೊಸ ಆಸ್ಪತ್ರೆಗೆ ಹೋದರು. ಹಳೆಯದರ ಉದ್ದನೆಯ ಓಣಿಗಳಲ್ಲಿ ಒಂದೇ ನೋಟಕ್ಕೆ ಎಲ್ಲ ಕಾಣುತ್ತಿರಲಿಲ್ಲ, ಬರಿಯ ಕಾವಲಿಗೇ ಹೆಚ್ಚು ಜನ ಬೇಕಾಗುತ್ತಿತ್ತು. ಕಟ್ಟಡದ ಆಕಾರ ಸಿಬ್ಬಂದಿಯ ಸಮಯವನ್ನು ಉಳಿಸಬಲ್ಲದು, ತಿನ್ನಲೂ ಬಲ್ಲದು. ಹಳೆಯ ದೊಡ್ಡ ಆಸ್ಪತ್ರೆಗಳ ಕಾಲವೂ ಮುಗಿಯುತ್ತ ಬಂದಿತ್ತು: ಲ್ಯಾಂಕಾಷೈರಿನ ವ್ಹಾಲಿಯಲ್ಲಿದ್ದ ಕಾಲ್ಡರ್‌ಸ್ಟೋನ್ಸ್, ಬೌದ್ಧಿಕ ಅಂಗವಿಕಲರಿಗೆಂದೇ ಇಂಗ್ಲೆಂಡಿನಲ್ಲಿ ಉಳಿದಿದ್ದ ಕೊನೆಯ ಪ್ರತ್ಯೇಕ ಸರ್ಕಾರಿ ಆಸ್ಪತ್ರೆ, 2016ರಲ್ಲಿ ಮರ್ಸಿ ಕೇರ್ ಟ್ರಸ್ಟಿನಲ್ಲಿ ವಿಲೀನವಾಯಿತು.

ಭಾರತದಲ್ಲಿ ಇಂಥ ಮೂರು ಮೆಟ್ಟಿಲಿನ ಏರ್ಪಾಡಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆನ್ನುತ್ತದೆ. ರೋಗಿಯನ್ನು ಏಕಾಂತದಲ್ಲಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ವಾರ್ಡಿನಲ್ಲೇ ಉಳಿದುಕೊಳ್ಳುವ ರೂಢಿ ದಶಕಗಳಿಂದ ಬಂದದ್ದು. ಸಿಬ್ಬಂದಿಯ ಕೊರತೆಯನ್ನು ಅದು ತುಂಬಿಕೊಡುತ್ತದೆ, ಜೊತೆಗೆ ಒಳಗೆ ನಡೆಯುವುದಕ್ಕೆ ಸಾಕ್ಷಿಯಾಗಿಯೂ ಇರುತ್ತದೆ. ಇನ್ನೊಂದು ವಿಷಯದಲ್ಲಿ ಭಾರತದ ಕಾನೂನು ಬ್ರಿಟನ್ನಿಗಿಂತ ಮುಂದಿತ್ತು. 1987ರ ಕಾಯಿದೆಯೂ 2017ರದೂ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿವೆ.

ಇಂಗ್ಲೆಂಡ್ ಆ ಹೆಜ್ಜೆ ಇಟ್ಟದ್ದು 2025ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ. ಅದರ ಪ್ರಕಾರ, ಬೇರೆ ಮನೋರೋಗ ಜೊತೆಗಿಲ್ಲದಿದ್ದರೆ, ಬೌದ್ಧಿಕ ಅಂಗವೈಕಲ್ಯ ಅಥವಾ ಆಟಿಸಂ ಒಂದೇ ಕಾರಣಕ್ಕೆ ಯಾರನ್ನೂ 28 ದಿನಗಳ ಪರೀಕ್ಷೆಯ ಅವಧಿ ದಾಟಿ ಚಿಕಿತ್ಸೆಯ ಸೆಕ್ಷನ್ನಿನಡಿ ಇಟ್ಟುಕೊಳ್ಳುವಂತಿಲ್ಲ. ನ್ಯಾಯಾಲಯದಿಂದ ಬಂದವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಇದು ಜಾರಿಯಾಗುವುದು ಊರುಗಳಲ್ಲಿ ಸಾಕಷ್ಟು ಆರೈಕೆಯ ಏರ್ಪಾಡು ಆದ ಮೇಲೆ ಎಂದು ಸರ್ಕಾರ ಹೇಳಿದೆ. ಏರ್ಪಾಡೆಂದರೆ ಮನೆಗಳು, ಆ ಮನೆಗಳಲ್ಲಿ ದಿನವೂ ರಾತ್ರಿಯೂ ಜೊತೆಗಿರುವ ತರಬೇತಾದ ಸಹಾಯಕರು. 2015ರಲ್ಲಿ ಸುಮಾರು 2,900 ಬೌದ್ಧಿಕ ಅಂಗವಿಕಲರು ಮತ್ತು ಆಟಿಸಂ ಇರುವವರು ಇಂಗ್ಲೆಂಡಿನ ಮನೋರೋಗ ಆಸ್ಪತ್ರೆಗಳಲ್ಲಿದ್ದರು. ದಶಕ ಕಳೆದ ಮೇಲೆ ಆ ಸಂಖ್ಯೆ 2,000ದ ಆಸುಪಾಸಿನಲ್ಲಿದೆ.